ನೀಲಗಿರಿಯ ಮಂಜನ್ನು ಬರೆದ ಚಿತ್ರಶಿಲ್ಪಿ ಕೆ. ವೆಂಕಟಪ್ಪನವರು

ಜಾತ್ರಾ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕ್ಷೇತ್ರ ಮಹಿಮೆ ಇರುತ್ತದೆ, ಸೇವಾಕರ್ತರ ವಿವರ ಇರುತ್ತದೆ, ದಾಸರ ಪದಗಳ ಮೇಲೊಂದು ಲೇಖನ ಇರುತ್ತದೆ. ಒಬ್ಬ ಚಿತ್ರಗಾರರ ಚರಿತ್ರೆ ಇಲ್ಲಿಗೆ ಏಕೆ ಬಂತು ಎಂದು ಭಕ್ತಾದಿಗಳು ಕೇಳಬಹುದು. ಆ ಚಿತ್ರಗಾರರು ದೇವರ ಪಟ ಬರೆಯುವ ಮನೆತನದಲ್ಲಿ ಹುಟ್ಟಿದರು, ರಾಮಾಯಣವನ್ನು ಬರೆದರು, ಕಡೆಗೆ ನಾವು ದಿನ ಬೆಳಗಾದರೆ ಬಾಗಿಲು ತೆರೆದು ನೋಡುವ ಈ ಬೆಟ್ಟಗಳ ಮುಂದೆ ಬಂದು ಕುಳಿತರು. ಈ ಬೆಟ್ಟ, ಈ ಮಂಜು, ಈ ಬೆಳದಿಂಗಳು ದೇವರ ಪಟದಷ್ಟೇ ಶ್ರದ್ಧೆಗೆ ಯೋಗ್ಯ ಎಂದು ತಮ್ಮ ಕುಂಚದಿಂದ ತೋರಿಸಿಕೊಟ್ಟರು. ಮೈಸೂರಿನ ಚಿತ್ರಶಿಲ್ಪಿ ಕೆ. ವೆಂಕಟಪ್ಪನವರೇ ಅವರು. ಉದಕಮಂಡಲದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅವರ ಹೆಸರೇ ತಿಳಿಯದು. ಆ ಕೊರತೆಯನ್ನು ಅಲ್ಪಸ್ವಲ್ಪವಾದರೂ ತುಂಬಬೇಕೆಂಬುದು ಈ ಲೇಖನದ ಉದ್ದೇಶ.

ಬೆಟ್ಟವೂ ಕನ್ನಡವೂ

ನೀಲಗಿರಿಗೂ ಕನ್ನಡಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೊದವರನ್ನು ಬೆದರಿಸಿ ನೀಲಪರ್ವತವನ್ನು ಗೆದ್ದ ಸಂಗತಿಯನ್ನು ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ಹೇಳುತ್ತದೆ. ಈ ಬೆಟ್ಟಸೀಮೆಯ ಬಗೆಗಿನ ಅತಿ ಹಳೆಯ ಲಿಖಿತ ಉಲ್ಲೇಖಗಳಲ್ಲಿ ಇದೂ ಒಂದು. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ ಬಂದವರಾದ್ದರಿಂದಲೇ ಬಡಗರಿಗೆ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಅವರ ಮಾತು ಕನ್ನಡಕ್ಕೆ ಒಡಹುಟ್ಟು. ಅವರ ಹೆತ್ತೆ ಹಬ್ಬದ ಹೆಸರು ಕಿವಿಗೆ ಬಿದ್ದರೆ ಯಾವ ಕನ್ನಡಿಗನಿಗೂ ಅರ್ಥ ಕೇಳಬೇಕಾಗಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಬೆಟ್ಟಗಳು ಇಂಗ್ಲಿಷರ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಸೇರಿದವು. 1868ರಲ್ಲಿ ನೀಲಗಿರಿ ಬೇರೆ ಜಿಲ್ಲೆಯಾಯಿತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಮದರಾಸಿನಲ್ಲೇ ಉಳಿಯಿತು.

ಗಡಿ ಬದಲಾದರೂ ದಾರಿ ಬದಲಾಗಲಿಲ್ಲ. ಗುಂಡ್ಲುಪೇಟೆ, ಬಂಡೀಪುರ ಹಾದು ಘಾಟಿ ಹತ್ತುವ ದಾರಿಯಲ್ಲಿ ಜನ, ಸರಕು, ದೇವರು ಎಲ್ಲವೂ ಬಂದವು. 1830ರ ಸುಮಾರಿನಲ್ಲಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚು ಕಟ್ಟುವಾಗ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್ ಮಹಲಿನ ತೇಗದ ತೊಲೆಗಳನ್ನೇ ಇಲ್ಲಿಗೆ ಹೊತ್ತು ತಂದರು. ಮೈಸೂರಿನ ಅರಸರೂ ಫರ್ನ್‌ಹಿಲ್ಲಿನಲ್ಲಿ ಅರಮನೆ ಮಾಡಿಕೊಂಡು ಬೇಸಿಗೆಗೆ ಬಂದಿರುತ್ತಿದ್ದರು. ಮೈಸೂರಿನ ಚಿತ್ರಗಾರರೊಬ್ಬರ ಕಣ್ಣು ಈ ಬೆಟ್ಟದ ಮೇಲೆ ಬಿದ್ದದ್ದು ಈ ಹಳೆಯ ನಂಟಿನ ಮುಂದುವರಿಕೆಯೇ ಆಗಿದೆ.

ಅವರಿಗಿಂತ ಮೊದಲು ಬೆಟ್ಟವನ್ನು ಯಾರೂ ಬರೆದಿರಲಿಲ್ಲವೆಂದಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿ ಮನೆ ಕಟ್ಟಿ, ಕೆರೆ ಕಟ್ಟಿಸಿದ ಮೇಲೆ ಬಿಳಿಯರು ಒಬ್ಬರ ಹಿಂದೊಬ್ಬರು ಬಂದರು. ಕ್ಯಾಪ್ಟನ್ ರಿಚರ್ಡ್ ಬ್ಯಾರನ್ ಎಂಬ ಸೈನ್ಯಾಧಿಕಾರಿಯ ನೀಲಗಿರಿ ದೃಶ್ಯಗಳ ಪುಸ್ತಕ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ಎಡ್ವರ್ಡ್ ಲಿಯರ್ 1874ರಲ್ಲಿ ಇಲ್ಲಿಗೆ ಬಂದು ಚಿತ್ರ ಬರೆದುಕೊಂಡು ಹೋದ. ಅವೆಲ್ಲ ಒಳ್ಳೆಯ ಚಿತ್ರಗಳೇ. ಆದರೆ ದೂರದೂರಿನಿಂದ ಬಂದವನಿಗೆ ಈ ಬೆಟ್ಟ ತನ್ನ ಊರನ್ನು ನೆನಪಿಸುವ ತಂಪು ಜಾಗ. ಬೆಟ್ಟಕ್ಕೆ ಕೈಮುಗಿದು ಬೆಳೆದವನ ನೋಟವೇ ಬೇರೆ. ಆ ನೋಟ ಕಾಗದದ ಮೇಲೆ ಇಳಿಯಲು 1920ರ ದಶಕದವರೆಗೆ ಕಾಯಬೇಕಾಯಿತು.

ಚಿತ್ರಗಾರರ ಮನೆ

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಅವರದು ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಸಾಂಪ್ರದಾಯಿಕ ಚಿತ್ರಗಾರರ ಮನೆತನ. ಆ ಕಾಲದ ಮೈಸೂರು ಚಿತ್ರವೆಂದರೆ ಮೊದಲಿನಿಂದ ಕೊನೆಯವರೆಗೆ ಕೈಕೆಲಸ. ಹುಣಿಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿ ಅದರಲ್ಲೇ ರೇಖೆ ಎಳೆಯಬೇಕು. ಅಳಿಲಿನ ಕೂದಲಿನ ಕುಂಚ ಕಟ್ಟಿಕೊಳ್ಳಬೇಕು. ಕಲ್ಲು, ಮಣ್ಣು, ಎಲೆ, ಹೂವುಗಳಿಂದ ಬಣ್ಣ ಅರೆಯಬೇಕು. ಒಡವೆ, ಕಿರೀಟ, ಪ್ರಭಾವಳಿ ಇರುವಲ್ಲಿ ಸಫೇದ, ಅಂಟು ಮೊದಲಾದವುಗಳನ್ನು ಕಲಸಿ ತುಸು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಬರಿಸಬೇಕು. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದಕ್ಕೆಲ್ಲ ಶಾಸ್ತ್ರವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಬೃಹದ್ಗ್ರಂಥದಲ್ಲಿ ಇವೆಲ್ಲ ಚಿತ್ರಸಹಿತವಾಗಿವೆ.

ಈ ಚಿತ್ರಗಳಲ್ಲಿ ಬೆಟ್ಟ ಇರುತ್ತಿತ್ತು, ಮರ ಇರುತ್ತಿತ್ತು, ಆಕಾಶವೂ ಇರುತ್ತಿತ್ತು. ಆದರೆ ಅವು ದೇವರ ಹಿಂದಿನ ಪರದೆ ಮಾತ್ರ. ಕೃಷ್ಣನ ಕಿರುಬೆರಳಿನ ಮೇಲೆ ಗೋವರ್ಧನವೊಂದು, ಶಿವನ ಹಿಂದೆ ಕೈಲಾಸವೊಂದು. ಬೆಟ್ಟವನ್ನು ಬೆಟ್ಟಕ್ಕಾಗಿಯೇ ಬರೆಯುವ ವಾಡಿಕೆ ಇರಲಿಲ್ಲ. ಇಂಥ ಮನೆಯಿಂದ ಬಂದ ಹುಡುಗನೇ ಮುಂದೆ ಪರದೆಯನ್ನು ಮುಂದಕ್ಕೆ ತಂದು, ಬೆಟ್ಟವನ್ನೇ ಮೂಲಮೂರ್ತಿಯ ಸ್ಥಾನದಲ್ಲಿ ಕೂರಿಸಿದ್ದು ವೆಂಕಟಪ್ಪನವರ ಜೀವನದ ಮುಖ್ಯ ಸಂಗತಿ.

ಕಲ್ಕತ್ತೆಯ ಗುರುಕುಲ

ಹುಡುಗನ ಕೈಚಳಕ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂತು. ಮಹಾರಾಜರು ವಿದ್ಯಾರ್ಥಿ ವೇತನವಿತ್ತು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ಕವಿ ರವೀಂದ್ರರ ದಾಯಾದಿ ಅಣ್ಣನ ಮಗ ಗಗನೇಂದ್ರರ ತಮ್ಮನಾದ ಇವರು 1905ರಲ್ಲಿ ಭಾರತಮಾತೆಯ ಚಿತ್ರ ಬರೆದು ದೇಶದಲ್ಲೆಲ್ಲ ಹೆಸರಾಗಿದ್ದರು. ವಿಲಾಯಿತಿಯ ಎಣ್ಣೆ ಬಣ್ಣದ ಅನುಕರಣೆಯನ್ನು ಬಿಟ್ಟು, ಅಜಂತೆ, ಮೊಗಲ್, ರಾಜಪುತ ಚಿತ್ರಗಳ ಜಾಡಿನಲ್ಲಿ ನಮ್ಮದೇ ಕಲೆಯನ್ನು ಎಬ್ಬಿಸಬೇಕೆಂಬುದು ಆ ಗುರುಕುಲದ ಸಂಕಲ್ಪ. ನಂದಲಾಲ ಬಸು, ಅಸಿತಕುಮಾರ ಹಲ್ದಾರ್ ಮೊದಲಾದ ಬಂಗಾಳಿ ತರುಣರ ನಡುವೆ ಕನ್ನಡ ನಾಡಿನಿಂದ ಹೋದ ವೆಂಕಟಪ್ಪನವರೂ ಒಬ್ಬರಾದರು.

ಸೋದರಿ ನಿವೇದಿತಾ ಅವರು ಹಿಂದೂ ಮತ್ತು ಬೌದ್ಧ ಪುರಾಣ ಕಥೆಗಳ ಪುಸ್ತಕವೊಂದನ್ನು ಬರೆಯುತ್ತಿದ್ದು, ಅದು ಮುಗಿಯುವ ಮೊದಲೇ 1911ರಲ್ಲಿ ತೀರಿಕೊಂಡರು. ಆನಂದ ಕುಮಾರಸ್ವಾಮಿಯವರು ಅದನ್ನು ಪೂರ್ಣಗೊಳಿಸಿದರು. 1913ರಲ್ಲಿ ಹೊರಬಂದ ಆ ಪುಸ್ತಕಕ್ಕೆ ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಚಿತ್ರ ಬರೆದುಕೊಟ್ಟರು. ಅದರಲ್ಲಿರುವ ರಾಮಾಯಣದ ಚಿತ್ರಗಳಲ್ಲಿ ಹಲವು ವೆಂಕಟಪ್ಪನವರ ಕುಂಚದವು. ಮೂವತ್ತು ತುಂಬುವ ಮೊದಲೇ ಮೈಸೂರಿನ ಚಿತ್ರಗಾರರ ಮನೆಯ ಹುಡುಗನ ಶ್ರೀರಾಮನನ್ನು ಹೊರದೇಶದ ಓದುಗರು ನೋಡುವಂತಾಯಿತು.

ಕಲ್ಕತ್ತೆಯಲ್ಲಿ ಅವರು ಕಲಿತ ಇನ್ನೊಂದು ವಿದ್ಯೆ ಮುಂದೆ ನಮ್ಮ ಬೆಟ್ಟಕ್ಕೆ ಒದಗಿ ಬಂತು. 1903ರಲ್ಲಿ ಜಪಾನಿನ ತೈಕಾನ್ ಮತ್ತು ಶುನ್ಸೋ ಎಂಬ ಇಬ್ಬರು ಚಿತ್ರಕಾರರು ಠಾಕೂರರ ಮನೆಗೆ ಬಂದಿದ್ದರು. ಅವರು ಬಣ್ಣವನ್ನು ತೆಳ್ಳಗೆ ಹರಡುತ್ತಿದ್ದ ರೀತಿಯನ್ನು ನೋಡಿ ಅವನೀಂದ್ರರು ತಮ್ಮದೇ ಆದ ‘ವಾಷ್’ ಎಂಬ ಕ್ರಮವನ್ನು ರೂಢಿಸಿದರು. ಕಾಗದದ ಮೇಲೆ ನೀರುಬಣ್ಣವನ್ನು ತೆಳುವಾಗಿ ಹಚ್ಚಬೇಕು. ಒಣಗಿದ ಮೇಲೆ ಇಡೀ ಕಾಗದವನ್ನು ನೀರಿನಲ್ಲಿ ಅದ್ದಬೇಕು. ನಿಲ್ಲದ ಬಣ್ಣ ತೊಳೆದು ಹೋಗುತ್ತದೆ, ಕಾಗದದೊಳಗೆ ಇಳಿದದ್ದು ಮಾತ್ರ ಉಳಿಯುತ್ತದೆ. ಮತ್ತೆ ಹಚ್ಚಬೇಕು, ಮತ್ತೆ ಅದ್ದಬೇಕು. ಹೀಗೆ ಹಲವು ಸಲ ಆದಾಗ ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ತಿಳಿಯದ ಹಾಗೆ ಒಂದು ಮಬ್ಬು ಬೆಳಕು ಚಿತ್ರದೊಳಗಿನಿಂದಲೇ ಬರುತ್ತದೆ. ಆಷಾಢದ ಬೆಳಗಿನಲ್ಲಿ ಕೆರೆಯ ದಂಡೆಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜು ಬೆಟ್ಟವನ್ನು ತೊಳೆಯುವುದೂ ಇದೇ ಕ್ರಮದಲ್ಲಿ.

ಉದಕಮಂಡಲದ ಚಿತ್ರಗಳು

ಕಲ್ಕತ್ತೆಯ ವಿದ್ಯಾಭ್ಯಾಸ ಮುಗಿಸಿ ವೆಂಕಟಪ್ಪನವರು ಮೈಸೂರಿಗೆ ಹಿಂದಿರುಗಿದರು. ಅವರ ಜೊತೆಯ ಕಲಾವಿದರಲ್ಲಿ ಬಹುಮಂದಿ ಪುರಾಣ, ಇತಿಹಾಸ, ಕಾವ್ಯಪ್ರಸಂಗಗಳನ್ನೇ ಬರೆಯುತ್ತಿದ್ದ ಕಾಲ ಅದು. ವೆಂಕಟಪ್ಪನವರೂ ಅರ್ಧನಾರೀಶ್ವರನಂಥ ಚಿತ್ರ ಬರೆದವರೇ. ಆದರೆ 1920ರ ದಶಕದಲ್ಲಿ ಅವರು ಉದಕಮಂಡಲಕ್ಕೆ ಬಂದು, ಇಲ್ಲಿನ ನಿಸರ್ಗವನ್ನೇ ವಸ್ತುವಾಗಿಟ್ಟುಕೊಂಡು ಜಲವರ್ಣ ಚಿತ್ರಗಳ ಮಾಲೆಯೊಂದನ್ನು ರಚಿಸಿದರು. ಕೊಡೈಕನಾಲಿನ ಬೆಟ್ಟಗಳನ್ನೂ ಹೀಗೆಯೇ ಬರೆದರು. ಕನ್ನಡ ನಾಡಿನ ಆಧುನಿಕ ಚಿತ್ರಕಲೆಯಲ್ಲಿ ಭೂದೃಶ್ಯವನ್ನು ಸ್ವತಂತ್ರ ಸಾಧನೆಯಾಗಿ ಕೈಗೊಂಡ ಮೊದಲಿಗರಲ್ಲಿ ಅವರು ಅಗ್ರಗಣ್ಯರೆಂದು ಹೇಳುವುದು ಈ ಚಿತ್ರಗಳ ಬಲದಿಂದಲೇ.

ಆ ಚಿತ್ರಗಳ ವಸ್ತುವನ್ನು ಗಮನಿಸಿದರೇ ಅವರ ಮನಸ್ಸು ತಿಳಿಯುತ್ತದೆ. ಉದಕಮಂಡಲದ ಬೆಳದಿಂಗಳು, ಸೂರ್ಯೋದಯ, ಕೆರೆಯ ನೋಟ, ಮುಂಗಾರಿನ ಮೋಡ ಒಡೆಯುವ ಹೊತ್ತು. ಇದು ಇಂಥ ಬಂಗಲೆ, ಇದು ಇಂಥ ರಸ್ತೆ ಎಂದು ಗುರುತು ಹಿಡಿಯಲು ಬರೆದ ಚಿತ್ರಗಳಲ್ಲ ಇವು. ಇಲ್ಲಿ ಹೊತ್ತು ಮುಖ್ಯ. ಒಂದೇ ಬೆಟ್ಟ ನಸುಕಿನಲ್ಲಿ ಒಂದು ಮುಖ ತೋರಿಸುತ್ತದೆ, ಮೋಡ ಬಂದಾಗ ಇನ್ನೊಂದು, ಹುಣ್ಣಿಮೆಯಲ್ಲಿ ಮತ್ತೊಂದು. ನಮ್ಮ ಗುಡಿಯಲ್ಲಿ ಮೂರ್ತಿ ಒಂದೇ ಆದರೂ ಪ್ರಾತಃಕಾಲದ ಅಭಿಷೇಕದಲ್ಲಿ ಕಾಣುವುದು ಒಂದು ರೂಪ, ಅಲಂಕಾರದಲ್ಲಿ ಒಂದು ರೂಪ, ರಾತ್ರಿಯ ಮಂಗಳಾರತಿಯಲ್ಲಿ ಒಂದು ರೂಪ. ಭಕ್ತನು ದಿನದಿನವೂ ಬರುವುದು ಆ ಕಾರಣಕ್ಕೇ. ವೆಂಕಟಪ್ಪನವರು ಬೆಟ್ಟದ ಮುಂದೆ ಕುಳಿತದ್ದೂ ಇಂಥ ದರ್ಶನಕ್ಕಾಗಿ ಎಂದರೆ ತಪ್ಪಾಗದು.

ಅವರ ಕೈ ಬಿಡದ ಮತ್ತೊಂದು ಗುಣವೆಂದರೆ ಮನೆತನದ ನಯಗಾರಿಕೆ. ಕಲ್ಕತ್ತೆಯ ಕ್ರಮದಲ್ಲಿ ಮಂಜು ಹರಡಿದರೂ ಆ ಮಂಜಿನೊಳಗಿನ ಮರ, ನೀರಿನ ಅಂಚು, ಬೆಟ್ಟದ ಏಣುಗಳಲ್ಲಿ ಸೂಕ್ಷ್ಮವಾದ ಕೆಲಸ ಕಾಣುತ್ತದೆ. ದೇವಿಯ ಮೂಗುತಿಗೆ ಚಿನ್ನದ ರೇಕು ಕೂರಿಸುವ ತಾಳ್ಮೆಯಿದ್ದವರಿಗೆ ಮಾತ್ರ ಅದು ಸಾಧ್ಯ. ಆದರೆ ಇಲ್ಲಿ ಚಿನ್ನವಿಲ್ಲ. ಕಾಗದದ ಬಿಳುಪನ್ನೇ ಉಳಿಸಿಕೊಂಡು ಅದರಿಂದಲೇ ಬೆಳಕು ತರಿಸಿದ್ದಾರೆ. ಹಿರಿಯರು ಪ್ರಭಾವಳಿಗೆ ಮೀಸಲಿಟ್ಟಿದ್ದ ಹೊಳಪನ್ನು ಅವರು ಬೆಟ್ಟದ ನೆತ್ತಿಗೆ ಇಟ್ಟರು.

ಹಾಗಾದರೆ ಅವರು ದೇವರನ್ನು ಬಿಟ್ಟು ಬೆಟ್ಟಕ್ಕೆ ಹೋದರೇ? ನಮ್ಮ ಸೀಮೆಯವರು ಹಾಗೆನ್ನಲಾರರು. ರಂಗಸ್ವಾಮಿ ಬೆಟ್ಟ ನಮಗೆ ಬೆಟ್ಟವೂ ಹೌದು, ಸ್ವಾಮಿಯೂ ಹೌದು. ಘಾಟಿ ಇಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಆಚೆಗೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ಹೆಸರನ್ನೂ ದೇವರ ಹೆಸರನ್ನೂ ಬೇರೆ ಮಾಡಿ ಹೇಳಲು ನಮಗೆ ಬಾರದು. ಮೂರ್ತಿ ಇಲ್ಲದ ಚಿತ್ರದಲ್ಲಿಯೂ ಸಾನ್ನಿಧ್ಯ ಇರಬಹುದು ಎಂಬುದನ್ನು ಒಪ್ಪಲು ನಮಗಿಂತ ಸಿದ್ಧರಾದ ನೋಟಕರು ಅವರಿಗೆ ಇನ್ನೆಲ್ಲಿ ಸಿಗುತ್ತಿದ್ದರು?

ವೀಣೆ, ವ್ರತ, ವ್ಯಾಜ್ಯ

ವೆಂಕಟಪ್ಪನವರು ಕಲೆಯನ್ನು ಹೊಟ್ಟೆಪಾಡಿನ ಕಸುಬಾಗಿ ನೋಡಲಿಲ್ಲ, ತಪಸ್ಸಾಗಿ ನೋಡಿದರು. ಮದುವೆಯಾಗಲಿಲ್ಲ. ಕಟ್ಟುನಿಟ್ಟಿನ ಬ್ರಹ್ಮಚಾರಿಯಾಗಿ ಬಾಳಿದರು. ಮೈಸೂರಿಗೆ ಬಂದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯಲು ಕುಳಿತರು. ಆ ಅಭ್ಯಾಸದಲ್ಲಿ ಎಷ್ಟು ಮುಳುಗಿದರೆಂದರೆ ಕುಂಚ ಮೂಲೆಗೆ ಬೀಳುವ ಹಾಗಾಯಿತು. ವೀಣೆಯ ಹುಚ್ಚಿಗೆ ಬಿದ್ದ ತಮ್ಮನ್ನೇ ಕುರಿತು ಅವರು ಒಂದು ಚಿತ್ರವನ್ನೂ ಬರೆದಿದ್ದಾರೆ. ತನ್ನ ದೌರ್ಬಲ್ಯವನ್ನು ತಾನೇ ನೋಡಿ ನಗಬಲ್ಲವರಾಗಿದ್ದರೆಂಬುದಕ್ಕೆ ಅದೇ ಸಾಕ್ಷಿ.

ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಉಬ್ಬುಶಿಲ್ಪ ಮಾಡುವುದರಲ್ಲಿಯೂ ಅವರದು ಪಳಗಿದ ಕೈ. ಮೈಸೂರು ಅರಮನೆಗಾಗಿ ಪುರಾಣ ಪ್ರಸಂಗಗಳ ಉಬ್ಬುಶಿಲ್ಪಗಳನ್ನು ಮಾಡುವ ಕೆಲಸವನ್ನು ನಾಲ್ವಡಿಯವರು ಅವರಿಗೆ ವಹಿಸಿದ್ದರು. 1940ರ ಆಗಸ್ಟಿನಲ್ಲಿ ಮಹಾರಾಜರು ತೀರಿಕೊಂಡರು. ಕೆಲಸ ಅರ್ಧಕ್ಕೆ ನಿಂತಿತು. ಆ ಕಾಲದಲ್ಲಿ ಆಸ್ಥಾನದ ಕಲಾವಿದನೆಂದರೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೋಗಬೇಕಾದವನು. ವೆಂಕಟಪ್ಪನವರು ಹಾಗೆ ಹೋಗಲಿಲ್ಲ. ತಮ್ಮ ಶ್ರಮಕ್ಕೆ ಸಲ್ಲಬೇಕಾದದ್ದು ಸಲ್ಲಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇದನ್ನು ಕೆಲವರು ಹಟವೆಂದರು, ಕೆಲವರು ಉಪ್ಪಿನ ಋಣ ಮರೆತರೆಂದರು. ಇಂದು ನಿಂತು ನೋಡಿದರೆ ಬೇರೆ ತೋರುತ್ತದೆ. ಶಿಲ್ಪಿಯ ಕೈ ಯಾರ ಊಳಿಗಕ್ಕೂ ಬಿದ್ದದ್ದಲ್ಲ, ಅದಕ್ಕೊಂದು ಮಾನವಿದೆ ಎಂಬ ಮಾತನ್ನು ಅವರು ಬಾಯಲ್ಲಿ ಹೇಳದೆ ನಡೆದು ತೋರಿಸಿದರು. ಅದರ ಬೆಲೆಯನ್ನೂ ತೆತ್ತರು. ಮೈಸೂರನ್ನು ಬಿಟ್ಟು ಬೆಂಗಳೂರು ಸೇರಿದರು. ಅರಮನೆಯ ಆಶ್ರಯ ಮತ್ತೆ ದೊರೆಯಲಿಲ್ಲ. ಕಡೆಯ ವರ್ಷಗಳು ಏಕಾಂತದಲ್ಲೇ ಕಳೆದವು.

ಕೇಂದ್ರ ಲಲಿತಕಲಾ ಅಕಾಡೆಮಿ ತನ್ನ ಫೆಲೋ ಗೌರವವನ್ನು ಕೊಟ್ಟಿತಾದರೂ ಅದು ಬಂದದ್ದು ಮುಪ್ಪಿನಲ್ಲಿ. 1965ರಲ್ಲಿ ವೆಂಕಟಪ್ಪನವರು ತೀರಿಕೊಂಡರು.

ನಾಡಿಗೆ ಬಿಟ್ಟುಹೋದ ಆಸ್ತಿ

ಒಬ್ಬೊಬ್ಬರಿಗೆ ಒಂದೊಂದಾಗಿ ಮಾರಿದ್ದರೆ ಅವರಿಗೆ ಹಣಕ್ಕೆ ಕೊರತೆಯಾಗುತ್ತಿರಲಿಲ್ಲ. ಆದರೆ ತಮ್ಮ ಚಿತ್ರಗಳು ಸಿರಿವಂತರ ಗೋಡೆಗಳಿಗೆ ಚದುರಿ ಹೋಗದೆ ಒಂದು ಕಡೆ ಇರಬೇಕು, ಸಾರ್ವಜನಿಕರು ನೋಡುವಂತಿರಬೇಕು ಎಂಬುದು ಅವರ ಆಸೆಯಾಗಿತ್ತು. ಅವರ ಸಂಗ್ರಹ ಸರ್ಕಾರಕ್ಕೆ ಸೇರಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ ಅವರ ಹೆಸರಿನ ವೆಂಕಟಪ್ಪ ಚಿತ್ರಶಾಲೆ 1975ರಲ್ಲಿ ತೆರೆಯಿತು. ಬೇರೆ ಕಲಾವಿದರೂ ಕಡಿಮೆ ಖರ್ಚಿನಲ್ಲಿ ತಮ್ಮ ಕೃತಿಗಳನ್ನು ಪ್ರದರ್ಶಿಸಲು ಅದು ನೆಲೆಯಾಯಿತು. ಆ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಮಾತು ಬಂದಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಹಾಡಿ, ಕುಣಿದು, ಚಿತ್ರ ಬರೆದು ಪ್ರತಿಭಟಿಸಿದರು. ತನ್ನ ಪಾಲನ್ನು ಕೇಳಲು ಒಂಟಿಯಾಗಿ ನ್ಯಾಯಾಲಯಕ್ಕೆ ಹೋದ ಹಿರಿಯರ ಹೆಸರಿನ ಮನೆಗಾಗಿ, ಅವರು ಹೋಗಿ ಐವತ್ತು ವರ್ಷವಾದ ಮೇಲೆ ನೂರಾರು ಮಂದಿ ಒಟ್ಟಾಗಿ ನಿಂತರು.

ನಮ್ಮ ಪಾಲಿನ ಕೆಲಸ

ವೆಂಕಟಪ್ಪನವರು ಕಂಡ ಉದಕಮಂಡಲ ಇಂದು ಹಾಗೆಯೇ ಉಳಿದಿಲ್ಲ. ಹುಲ್ಲುಗಾವಲು ಮತ್ತು ಶೋಲೆ ಕಾಡು ಇದ್ದ ಎಷ್ಟೋ ಏಣುಗಳ ಮೇಲೆ ಚಹಾ ತೋಟ, ಜಾಲಿ, ಆಸ್ಟ್ರೇಲಿಯಾದಿಂದ ತಂದು ನೆಟ್ಟ ಮರಗಳು ಬೆಳೆದಿವೆ. ಆ ಹೊರಗಿನ ಮರಕ್ಕೇ ಕನ್ನಡಿಗರು ‘ನೀಲಗಿರಿ’ ಎಂದು ಹೆಸರಿಟ್ಟಿದ್ದೇವೆ. ಬೆಟ್ಟಕ್ಕೆ ಹೆಸರು ತಂದುಕೊಟ್ಟಿತೆಂದು ಹೇಳುವ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಿ ಕುರಿಂಜಿಯನ್ನು ಕಾಣಲು ಈಗ ಹುಡುಕಿಕೊಂಡು ಹೋಗಬೇಕು. ಹೀಗಿರುವಾಗ ಸುಮಾರು ನೂರು ವರ್ಷದ ಹಿಂದೆ ಭಕ್ತಿಯಿಂದ ನೋಡಿ ಬರೆದಿಟ್ಟ ಚಿತ್ರಗಳು ನಮಗೆ ಕೇವಲ ಕಲೆಯಲ್ಲ, ಊರಿನ ದಾಖಲೆಯೂ ಹೌದು. ಗ್ರಾಮದ ಹಳೆಯ ಶಾಸನಕ್ಕೆ ಕೊಡುವ ಗೌರವವನ್ನೇ ಅವಕ್ಕೂ ಕೊಡಬೇಕು.

ಮದುವೆಗೋ ಆಸ್ಪತ್ರೆಗೋ ಮಕ್ಕಳ ಕೆಲಸಕ್ಕೋ ಬೆಂಗಳೂರಿಗೆ ಹೋಗುವವರು ನಮ್ಮಲ್ಲಿ ಎಷ್ಟೋ ಮಂದಿ. ಚಿತ್ರಶಾಲೆ ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಒಂದು ಗಂಟೆ ಬಿಡುವು ಮಾಡಿಕೊಂಡು ಮೊಮ್ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗಿ ಬರಬೇಕೆಂದು ನನ್ನ ವಿನಂತಿ. ‘ಇದು ನಮ್ಮೂರು’ ಎಂದು ಮಗುವಿಗೆ ತೋರಿಸುವ ಸುಖವೇ ಬೇರೆ.

ಇನ್ನೊಂದು ಮಾತು. ಊರೂರುಗಳಲ್ಲಿ ಜೀರ್ಣೋದ್ಧಾರದ ಉತ್ಸಾಹದಲ್ಲಿ ಗುಡಿಯ ಗೋಡೆಯ ಮೇಲಿನ ಹಳೆಯ ಚಿತ್ರಗಳು ಸುಣ್ಣದಡಿ ಹೋಗುತ್ತಿವೆ, ಅವುಗಳ ಮೇಲೆ ಕಣ್ಣು ಕುಕ್ಕುವ ಎನಾಮಲ್ ಬಣ್ಣ ಏರುತ್ತಿದೆ. ಬರೆದವರ ಹೆಸರೂ ಉಳಿಯುವುದಿಲ್ಲ. ನಮ್ಮ ದೇವಸ್ಥಾನದಲ್ಲಿಯೂ ಮುಂದೆ ಇಂಥ ಕೆಲಸ ಬಂದಾಗ ಗೋಡೆಗೆ ಕೈಹಚ್ಚುವ ಮೊದಲು ಒಮ್ಮೆ ಯೋಚಿಸೋಣ. ಬರೆದವರ ಹೆಸರನ್ನು ಸೇವಾಕರ್ತರ ಫಲಕದಲ್ಲಿ ಸೇರಿಸೋಣ. ಹಣ ಕೊಟ್ಟವರಷ್ಟೇ ಸೇವೆಯನ್ನು ಕಣ್ಣು ಸವೆಸಿಕೊಂಡವರೂ ಮಾಡಿದ್ದಾರೆ.

ರಥ ಎಳೆಯುವ ದಿನ ಬೆಳಗಿನ ಜಾವ ಗುಡಿಯ ಮುಂದೆ ನಿಂತಾಗ ಮಂಜು ಮುಸುಕಿರುತ್ತದೆ. ಕಳಶವೂ ಕಾಣುವುದಿಲ್ಲ, ದೊಡ್ಡಬೆಟ್ಟವೂ ಕಾಣುವುದಿಲ್ಲ. ನಾದಸ್ವರ ಮಾತ್ರ ಕೇಳುತ್ತಿರುತ್ತದೆ. ಹೊತ್ತು ಏರಿದ ಹಾಗೆ ಮೊದಲು ಕಳಶ, ಆಮೇಲೆ ಮರಗಳ ತುದಿ, ಕಡೆಗೆ ಬೆಟ್ಟ. ಈ ವರ್ಷ ಆ ಹೊತ್ತಿನಲ್ಲಿ ಒಂದು ಕ್ಷಣ ವೆಂಕಟಪ್ಪನವರನ್ನು ನೆನೆಯೋಣ. ಬೆಟ್ಟವನ್ನೂ ಅದನ್ನು ನೋಡುವ ಕಣ್ಣನ್ನೂ ಭಗವಂತನು ಮುಂದಿನವರಿಗೆ ಉಳಿಸಿಕೊಡಲಿ ಎಂದು ಪ್ರಾರ್ಥಿಸೋಣ.